ಹಾಲೇರಿ ರಾಜಮನೆತನದ ಕಥನಪರಂಪರೆ

ಸುಮಾರು 1600ರಿಂದ 1834ರವರೆಗೆ ಕೊಡಗನ್ನು ಆಳಿದ ಲಿಂಗಾಯತ ಅರಸು ಕುಟುಂಬವನ್ನು ಕುರಿತು ಬೆಳೆದುಬಂದಿರುವ ಚರಿತ್ರೆ, ಐತಿಹ್ಯ ಮತ್ತು ಕಾದಂಬರಿಗಳ ಸಾಲು. ಪ್ರೇಮ, ಸೆರೆವಾಸ, ದಾಯಾದಿ ಮತ್ಸರ, ಪ್ರೇತಬಾಧೆ, ದೇಶಾಂತರ ಎಲ್ಲವೂ ಒಂದೇ ಮನೆತನದಲ್ಲಿ ಕೂಡಿಬಂದಿರುವುದರಿಂದ ಕನ್ನಡದ ಐತಿಹಾಸಿಕ ಕಥನದಲ್ಲಿ ಇದಕ್ಕೆ ವಿಶೇಷ ಸ್ಥಾನವಿದೆ.

ಹಿನ್ನೆಲೆ: ಹಾಲೇರಿ ಅರಸರು ಇಕ್ಕೇರಿ ನಾಯಕರ ವಂಶದ ಕವಲೆಂದು ಹೇಳಲಾಗುತ್ತದೆ. ಜಂಗಮ ವೇಷದಲ್ಲಿ ಬಂದು ಹಾಲೇರಿಯಲ್ಲಿ ನೆಲೆಸಿದ ವೀರರಾಜ ಇದರ ಮೂಲಪುರುಷ. ಮುದ್ದುರಾಜ 1681ರಲ್ಲಿ ಮಡಿಕೇರಿಯನ್ನು ರಾಜಧಾನಿ ಮಾಡಿಕೊಂಡ. ಮೈಸೂರಿನೊಡನೆ ವೈರ ಬೆಳೆದಾಗ ರಾಜಕುಟುಂಬ ಪಿರಿಯಾಪಟ್ಟಣದಲ್ಲಿ ಸೆರೆಯಾಗಿತ್ತು. ದೊಡ್ಡವೀರರಾಜೇಂದ್ರ 1788ರ ಡಿಸೆಂಬರಿನಲ್ಲಿ ಕೊಡವರ ನೆರವಿನಿಂದ ತನ್ನವರೊಡನೆ ಅಲ್ಲಿಂದ ತಪ್ಪಿಸಿಕೊಂಡ. ಮೈಸೂರಿನ ಟಿಪ್ಪುವಿನ ವಿರುದ್ಧ ಸಾಗುತ್ತಿದ್ದ ಈಸ್ಟ್ ಇಂಡಿಯಾ ಕಂಪನಿ ಸೇನೆಯ ಜನರಲ್ ಅಬರ್‌ಕ್ರಾಂಬಿಯನ್ನು 1791ರಲ್ಲಿ ಭೇಟಿಯಾದುದರ ನೆನಪಿಗೆ ಅವನು 1792ರಲ್ಲಿ ಕಟ್ಟಿಸಿದ ಊರೇ ವೀರರಾಜೇಂದ್ರಪೇಟೆ, ಇಂದಿನ ವಿರಾಜಪೇಟೆ.

ರಾಜೇಂದ್ರನಾಮೆ: ಈ ಪರಂಪರೆಯ ಮೊದಲ ಮುಖ್ಯ ಕೃತಿ ದೊಡ್ಡವೀರರಾಜೇಂದ್ರನೇ ಬರೆಯಿಸಿದ್ದು. ಅದರ ಹಿನ್ನೆಲೆ ಅವನ ದಾಂಪತ್ಯದಲ್ಲಿದೆ. ತಡಿಯಂಡಮೋಳ್ ಬೆಟ್ಟದ ಬುಡದಲ್ಲಿರುವ ನಾಲ್ಕುನಾಡು ಅರಮನೆಯ ಮುಂದಿನ ಪುಟ್ಟ ಮಂಟಪ 1796ರಲ್ಲಿ ಮಹದೇವಮ್ಮಾಜಿಯೊಡನೆ ನಡೆದ ಅವನ ಮದುವೆಗೆಂದೇ ಕಟ್ಟಿದ್ದು. ಅವಳು 1807ರಲ್ಲಿ ತೀರಿಕೊಂಡಾಗ ಗಂಡುಸಂತಾನವಿರಲಿಲ್ಲ. ದುಃಖ ಮತ್ತು ಸಂಶಯಗಳಿಂದ ಅರಸನ ಚಿತ್ತ ಕೆಟ್ಟಿತು. ಹಿರಿಯ ಮಗಳು ದೇವಮ್ಮಾಜಿಗೆ ಪಟ್ಟವನ್ನು ಭದ್ರಪಡಿಸುವ ಆಸೆಯಿಂದ ಸಿದ್ಧವಾದ ಈ ಕೃತಿ 1633ರಿಂದ 1807ರವರೆಗಿನ ಚರಿತ್ರೆಯನ್ನು ಹೇಳುತ್ತದೆ. 1808ರಲ್ಲಿ ಇಂಗ್ಲಿಷಿಗೂ ಅನುವಾದವಾಯಿತು. ಆದರೆ ಅದು ಮಗಳನ್ನು ಕಾಯಲಿಲ್ಲ. ಅರಸ 1809ರಲ್ಲಿ ಸತ್ತ ಮೇಲೆ ಅವನ ತಮ್ಮ ಲಿಂಗರಾಜ ಮೊದಲು ಆಡಳಿತವನ್ನು, 1811ರಲ್ಲಿ ಪಟ್ಟವನ್ನೇ ವಶಪಡಿಸಿಕೊಂಡ.

ಐತಿಹ್ಯ: ಲಿಂಗರಾಜ ಒಬ್ಬ ಬ್ರಾಹ್ಮಣನನ್ನು ಕೊಲ್ಲಿಸಿದನೆಂದೂ ಅವನು ಬ್ರಹ್ಮರಾಕ್ಷಸನಾಗಿ ಅರಸನನ್ನು ಕಾಡಿದನೆಂದೂ, ಬಾಧೆ ನೀಗಲು ಕಾಶಿಯಿಂದ ಲಿಂಗ ತರಿಸಿ ಓಂಕಾರೇಶ್ವರನನ್ನು ಪ್ರತಿಷ್ಠಾಪಿಸಿದನೆಂದೂ ಮಡಿಕೇರಿಯ ಜನ ಹೇಳುತ್ತಾರೆ. ನಡುವೆ ಗುಂಬಜು, ಮೂಲೆಗಳಲ್ಲಿ ಮಿನಾರು, ಎದುರಿಗೆ ಕೊಳವಿರುವ ಆ ದೇಗುಲ 1820ರದು. ಅಧಿಕಾರದ ಕ್ರೌರ್ಯಕ್ಕೆ ಜನಮನಸ್ಸು ಕೊಟ್ಟ ತೀರ್ಪೇ ಈ ಕಥೆ.

ಪತನ: ಕೊನೆಯ ಅರಸ ಚಿಕ್ಕವೀರರಾಜೇಂದ್ರ (1820–1834). ಅವನ ತಂಗಿ, ಇನ್ನೊಬ್ಬ ದೇವಮ್ಮಾಜಿ, ಗಂಡ ಚನ್ನಬಸಪ್ಪನೊಡನೆ 1832ರಲ್ಲಿ ಮೈಸೂರಿಗೆ ಓಡಿಹೋಗಿ ಬ್ರಿಟಿಷರ ಆಶ್ರಯ ಪಡೆದಳು. ಅವರನ್ನು ಒಪ್ಪಿಸಬೇಕೆಂಬ ಜಗಳವೂ ಸೇರಿ ಯುದ್ಧವಾಗಿ, 1834ರ ಏಪ್ರಿಲಿನಲ್ಲಿ ಅರಸ ಪದಚ್ಯುತನಾಗಿ ಗಡಿಪಾರಾದ. ಆಗ ಕಾಶಿಯಲ್ಲಿ ಹುಟ್ಟಿದ ಅವನ ಮಗಳು ಗೌರಮ್ಮ ತಂದೆಯೊಡನೆ ಲಂಡನ್ನಿಗೆ ಹೋಗಿ 1852ರಲ್ಲಿ ಅಲ್ಲಿ ಕ್ರೈಸ್ತಳಾದಳು. ರಾಣಿ ವಿಕ್ಟೋರಿಯಾ ತನ್ನ ಹೆಸರನ್ನೇ ಅವಳಿಗಿತ್ತಳು. ಅರಸ 1859ರಲ್ಲಿ, ಗೌರಮ್ಮ 1864ರಲ್ಲಿ ಅಲ್ಲಿಯೇ ತೀರಿಕೊಂಡರು.

ಕಾದಂಬರಿ: ಬಾಸೆಲ್ ಮಿಷನ್ನಿನ ಹರ್ಮನ್ ಮೋಗ್ಲಿಂಗ್ 1855ರಲ್ಲಿ ಕೊಡಗನ್ನು ಕುರಿತು ಇಂಗ್ಲಿಷಿನಲ್ಲಿ ಪುಸ್ತಕ ಪ್ರಕಟಿಸಿದ. ಮಾಸ್ತಿ ವೆಂಕಟೇಶ ಅಯ್ಯಂಗಾರ್ ಅವರ 'ಚಿಕವೀರ ರಾಜೇಂದ್ರ' (1956) ಈ ಪರಂಪರೆಯ ಶಿಖರ. 1983ರ ಜ್ಞಾನಪೀಠ ಪ್ರಶಸ್ತಿಯೊಡನೆ ಈ ಕೃತಿ ಮತ್ತಷ್ಟು ಪ್ರಸಿದ್ಧವಾಯಿತು. ಇಕ್ಕೇರಿ ನಾಯಕರ ಬಿದನೂರಿನ ಪತನವನ್ನು ಹೇಳುವ ಅವರ 'ಚನ್ನಬಸವನಾಯಕ'ದೊಡನೆ ಇದನ್ನು ಓದಿದರೆ ಒಂದೇ ಬಳ್ಳಿಯ ಎರಡು ಅರಸುಮನೆಗಳ ಅಳಿವು ಕಾಣುತ್ತದೆ. ಅರಸನನ್ನು ಬರೀ ರಾಕ್ಷಸನನ್ನಾಗಿ ಚಿತ್ರಿಸದೆ ಅವನ ಹೆಂಡತಿ ರಾಣಿ ಗೌರಮ್ಮ, ಮಂತ್ರಿಗಳಾದ ಕುಂಟ ಬಸವ, ಬೋಪಣ್ಣ ಇವರ ನಡುವೆ ಇಟ್ಟು ತೂಗಿದ್ದು ಮಾಸ್ತಿಯವರ ಹಿರಿಮೆ.

ಮೌಲ್ಯಮಾಪನ: ರಾಜೇಂದ್ರನಾಮೆ ಪಟ್ಟದ ಪರ ವಾದಿಸುತ್ತದೆ, ಮೋಗ್ಲಿಂಗ್ ಬರೆದದ್ದು ಕಂಪನಿ ಗೆದ್ದ ಮೇಲೆ, ಕಾದಂಬರಿ ಕಲ್ಪನೆಯನ್ನು ಬೆರೆಸುತ್ತದೆ. ಈ ಮನೆತನದ ಆಪತ್ತನ್ನು ಹೆಚ್ಚಾಗಿ ಉಂಡವರು ಹೆಣ್ಣುಮಕ್ಕಳು; ಕಥೆ ಹೇಳಿದವರು ಮಾತ್ರ ಗಂಡಸರು. ಇದನ್ನು ಮರೆಯದೆ ಓದಿದಾಗಲೇ ಹಾಲೇರಿಯ ಚರಿತ್ರೆ ಪೂರ್ತಿಯಾಗುತ್ತದೆ.