ದ್ವೇಷ ಭಾಷಣ ಮತ್ತು ನರಮೇಧ ಪ್ರಚೋದನೆ: ಕಾನೂನುಗಳು

ಧರ್ಮ, ಜಾತಿ, ಭಾಷೆಗಳ ಹೆಸರಿನಲ್ಲಿ ಹಗೆ ಹುಟ್ಟಿಸುವ ಮಾತನ್ನು ಶಿಕ್ಷಾರ್ಹಗೊಳಿಸುವ ಕಾನೂನುಗಳು. ಭಾರತದಲ್ಲಿ ಇವು ಬ್ರಿಟಿಷರ ಬಳುವಳಿ: ದಂಡ ಸಂಹಿತೆಗೆ 153ಎ ಕಲಂ 1898ರಲ್ಲಿ, 295ಎ 1927ರಲ್ಲಿ ಸೇರಿದವು. 2024ರ ಜುಲೈ 1ರಿಂದ ಅವು ಭಾರತೀಯ ನ್ಯಾಯ ಸಂಹಿತೆಯ 196 ಮತ್ತು 299. ನಂಬರು ಬದಲಾಯಿತು, ತಿರುಳು ಹೆಚ್ಚೇನೂ ಬದಲಾಗಲಿಲ್ಲ.

ಕಾರ್ಕಳ ತಾಲ್ಲೂಕಿನ ಅಜೆಕಾರು ಪೇಟೆಯಲ್ಲಿ ಯಾರಾದರೂ ಮೈಕಿನಲ್ಲಿ ಇಂಥ ಮಾತಾಡಿದರೆ ದೂರಿಗಾಗಿ ಕಾಯದೆ ಅಜೆಕಾರು ಠಾಣೆಯೇ ಕೇಸು ದಾಖಲಿಸಬೇಕು. ಸುಪ್ರೀಂ ಕೋರ್ಟ್ ನ್ಯಾಯಮೂರ್ತಿಗಳಾದ ಕೆ.ಎಂ. ಜೋಸೆಫ್ ಮತ್ತು ಕರ್ನಾಟಕದವರೇ ಆದ ಬಿ.ವಿ. ನಾಗರತ್ನ ಅವರ ಪೀಠ 2023ರ ಏಪ್ರಿಲ್ 28ರಂದು ಎಲ್ಲ ರಾಜ್ಯಗಳಿಗೂ ಹೀಗೆ ಆದೇಶಿಸಿತು. ಮೊಬೈಲ್ ವಿಡಿಯೊ ಸಾಕ್ಷ್ಯವಾಗಬೇಕಾದರೆ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನ ಪ್ರಮಾಣಪತ್ರ ಬೇಕು. 196ರ ಶಿಕ್ಷೆ ಮೂರು ವರ್ಷದವರೆಗೆ, ಪೂಜಾಸ್ಥಳದಲ್ಲಾದರೆ ಐದು. ಆದರೆ ಸರ್ಕಾರದ ಪೂರ್ವಾನುಮತಿ ಇಲ್ಲದೆ ನ್ಯಾಯಾಲಯ ವಿಚಾರಣೆಗೆ ತೆಗೆದುಕೊಳ್ಳುವಂತಿಲ್ಲ. ಆಳುವವರ ಒಲವು ನುಸುಳುವ ಸಂದಿ ಇದೇ.

ಇವಲ್ಲದೆ, ದ್ವೇಷ ಭಾಷಣ ತಡೆಯುವ ಕರ್ನಾಟಕದ ಪ್ರತ್ಯೇಕ ಮಸೂದೆಗೆ 2025ರ ಡಿಸೆಂಬರಿನ ಬೆಳಗಾವಿ ಅಧಿವೇಶನದಲ್ಲಿ ಉಭಯ ಸದನಗಳ ಒಪ್ಪಿಗೆ ಸಿಕ್ಕಿತು. ವಾಕ್ ಸ್ವಾತಂತ್ರ್ಯಕ್ಕೆ ಕುತ್ತು ಎಂದು ವಿರೋಧ ಪಕ್ಷ ಪ್ರತಿಭಟಿಸಿತು.

ನರಮೇಧದ ವಿಷಯದಲ್ಲಿ ದೊಡ್ಡ ಕೊರತೆಯಿದೆ. ನೇರ, ಬಹಿರಂಗ ಪ್ರಚೋದನೆಯನ್ನೂ ಅಪರಾಧವೆಂದ 1948ರ ವಿಶ್ವಸಂಸ್ಥೆ ಒಪ್ಪಂದವನ್ನು ಭಾರತ 1959ರಲ್ಲಿ ಅನುಮೋದಿಸಿತು. ರುವಾಂಡಾದಲ್ಲಿ ನರಮೇಧಕ್ಕೆ ಕರೆಕೊಟ್ಟ ರೇಡಿಯೊ ನಡೆಸಿದವರಿಗೆ ಇದೇ ಅಪರಾಧಕ್ಕೆ 2003ರಲ್ಲಿ ಅಂತಾರಾಷ್ಟ್ರೀಯ ನ್ಯಾಯಮಂಡಳಿ ಶಿಕ್ಷೆ ವಿಧಿಸಿತು. ಭಾರತೀಯ ನ್ಯಾಯ ಸಂಹಿತೆಯಲ್ಲಿ ಮಾತ್ರ ನರಮೇಧವೆಂಬ ಪ್ರತ್ಯೇಕ ಅಪರಾಧವೇ ಇಲ್ಲ.