ಅಳತೆಗೋಲಿನ ಅಕ್ಷರ, ಲೇಖನಿಯ ಅಕ್ಷರ

ಬೀದರ್ ನಗರದ ಪೂರ್ವಕ್ಕಿರುವ ಅಷ್ಟೂರಿನಲ್ಲಿ, 1436ರಲ್ಲಿ ತೀರಿಕೊಂಡ ಬಹಮನಿ ಸುಲ್ತಾನ ಅಹಮದ್ ಷಾನ ಗೋರಿಯಿದೆ. ಒಳಹೊಕ್ಕವರ ಕಣ್ಣು ಮಬ್ಬುಗತ್ತಲೆಗೆ ಹೊಂದಿಕೊಂಡಂತೆ ನೀಲಿ, ಕೆಂಪು ನೆಲದ ಮೇಲೆ ಬರೆದ ಚಿನ್ನದ ಬಣ್ಣದ ಅಕ್ಷರಗಳು ಒಂದೊಂದಾಗಿ ಮೂಡುತ್ತವೆ. ಅವು ಒಂದೇ ಬಗೆಯವಲ್ಲ. ಒಂದೆಡೆ ಸೆಟೆದು ನಿಂತ ಕೂಫಿ, ಇನ್ನೊಂದೆಡೆ ಬಳುಕುವ ಬರಹ. ಅಕ್ಷರಮಾಲೆ ಒಂದೇ ಆಗಿರುವಾಗ ಈ ಎರಡು ರೂಪಗಳೇಕೆ?

ಇರಾಕಿನ ಕೂಫಾ ಪಟ್ಟಣದ ಹೆಸರು ಹೊತ್ತ ಕೂಫಿ ನೇರ ಗೆರೆ, ಚೂಪು ಮೂಲೆಗಳ ಲಿಪಿ. ಇರಾನಿನ ಕುಶಲಿಗರು ಬಣ್ಣದ ಇಟ್ಟಿಗೆಗಳನ್ನು ಜೋಡಿಸಿಯೇ ಅದರ ಚೌಕ ರೂಪವನ್ನು ಗೋಡೆಯಲ್ಲಿ ತರುತ್ತಿದ್ದರು. ನೋಡಲು ಸೊಗಸು, ಓದಲು ಮಾತ್ರ ಅರಬ್ಬಿ ಬಲ್ಲವರೂ ತಿಣುಕಬೇಕು.

ಬಳುಕುವ ಲಿಪಿಗಳಲ್ಲಿ ಮುಖ್ಯವಾದುದು ಥುಲುಥ್. ಇದು ಕೈಗೆ ಬಂದಂತೆ ಬರೆದದ್ದೆಂದು ತಿಳಿದರೆ ತಪ್ಪು. ಇಂಥ ಲಿಪಿಗಳಿಗೆ ಲೆಕ್ಕ ಕಟ್ಟಿಕೊಟ್ಟವನು ಬಗ್ದಾದಿನ ವಜೀರ ಇಬ್ನ್ ಮುಕ್ಲಾ. ಲೇಖನಿಯ ಮೊನೆ ಊರಿದಾಗ ಬೀಳುವ ಚುಕ್ಕೆಯೇ ಅಳತೆ. ಅಲಿಫ್ ಅಕ್ಷರದ ಎತ್ತರವನ್ನು ಚುಕ್ಕೆಗಳಲ್ಲಿ ಎಣಿಸಿ, ಅದನ್ನೇ ವ್ಯಾಸವಾಗಿಸಿದ ವೃತ್ತಕ್ಕೆ ಉಳಿದ ಅಕ್ಷರಗಳನ್ನು ಹೊಂದಿಸಬೇಕು. ರಾಜಕೀಯದಲ್ಲಿ ಸೋತ ಈ ಲಿಪಿಕಾರನ ಬಲಗೈಯನ್ನೇ ಕತ್ತರಿಸಿದರು; 940ರಲ್ಲಿ ಆತ ಸೆರೆಯಲ್ಲಿ ಸತ್ತ.

ಹೀಗೆ ಎರಡೂ ರೇಖಾಗಣಿತದ ಕೂಸುಗಳೇ. ಯಾವುದನ್ನು ಎಲ್ಲಿ ಇಡಬೇಕೆಂಬುದೇ ಪ್ರಶ್ನೆ. ಮಹಮೂದ್ ಗವಾನನ ಮದರಸಾದಲ್ಲಿ (1472) ಅದಕ್ಕೆ ಒಂದು ಉತ್ತರ ಸಿಗುತ್ತದೆ. ಅದರ ಮಿನಾರಿಗೆ ಸಿಕ್ಕಿದ್ದು ಅಂಕುಡೊಂಕು ಪಟ್ಟೆಗಳ ಅಲಂಕಾರ. ಮುಂಭಾಗದ ನೆತ್ತಿಯಲ್ಲಿ ನೀಲಿಯ ಮೇಲೆ ಬಿಳಿ ಅಕ್ಷರಗಳಲ್ಲಿ ಬಂದ ಕುರಾನಿನ ವಾಕ್ಯಕ್ಕೆ ಥುಲುಥ್. ಕೆಳಗೆ ನಿಂತವನಿಗೆ ಅದು ಬರೀ ಚಿತ್ತಾರವಾಗಿ ಕಂಡರೆ ಸಾಲದು, ಓದಲೂ ಬರಬೇಕಷ್ಟೆ.

ಮುದ್ರಣದ ಅಚ್ಚುಮೊಳೆಗಳ ಲೋಕವೂ ಇದೇ ಕವಲಿಗೆ ಬಂದು ನಿಂತಿತ್ತು. 1927ರಲ್ಲಿ ಜರ್ಮನಿಯಲ್ಲಿ ವೃತ್ತ, ಸರಳರೇಖೆಗಳನ್ನು ಆಧರಿಸಿದ, ತುದಿಗೊಂಡೆಗಳಿಲ್ಲದ ಎರಡು ರೋಮನ್ ಅಕ್ಷರರೂಪಗಳು ಹೊರಬಂದವು. ಪಾಲ್ ರೆನ್ನರನ ಫ್ಯೂಚುರಾ ಕೈವಾರ, ಅಳತೆಗೋಲುಗಳ ಶಿಸ್ತನ್ನೇ ಮೆರೆಸಿತು. ರುಡಾಲ್ಫ್ ಕೋಖ್ ಮೂಲತಃ ಲೇಖನಿಯ ಮನುಷ್ಯ; ಅವನ ಕಾಬೆಲ್‌ನಲ್ಲಿ ಓರೆಯಾಗಿ ಕತ್ತರಿಸಿದ ತುದಿಗಳು ಕೈಯ ಗುರುತನ್ನು ಉಳಿಸಿದವು. ಮೇಲ್ನೋಟಕ್ಕೆ ಅವಳಿಗಳು, ಸ್ವಭಾವದಲ್ಲಿ ದಾಯಾದಿಗಳು. ಭಿತ್ತಿಪತ್ರಕ್ಕೆ ಅವುಗಳಲ್ಲೊಂದನ್ನು ಆರಿಸುವವರು ಮದರಸಾದ ಲಿಪಿಕಾರನ ಪೇಚಿನಲ್ಲೇ ಸಿಲುಕುತ್ತಾರೆ.

ಮದರಸಾದ ಒಂದು ಭಾಗ 1696ರಲ್ಲಿ ಮದ್ದಿನ ಸ್ಫೋಟಕ್ಕೆ ಸಿಕ್ಕಿ ಹಾರಿಹೋಯಿತು. ಮೆರುಗಿನ ಬಿಲ್ಲೆಗಳಲ್ಲಿ ಹೆಚ್ಚಿನವು ಉದುರಿವೆ. ದೂರದಿಂದ ಓದಲೆಂದು ಬರೆದ ವಾಕ್ಯ ಈಗ ತುಂಡು ತುಂಡಾಗಿ ಉಳಿದಿದೆ.