ಬಿಡುಗಡೆಯ ಹಣ ಒಡೆಯನ ಪಾಲಿಗೆ

ಯುರೋಪಿನ ರೋಮಾ ಜನರ ಬಡತನದ ಮಾತು ಬಂದಾಗಲೆಲ್ಲ ಅವರ ಅಲೆಮಾರಿತನವನ್ನು ದೂರುವುದು ರೂಢಿ. ಇಂದಿನ ರೊಮೇನಿಯಾದ ಹಳೆಯ ದಾನಪತ್ರಗಳು ಹೇಳುವ ಕಥೆಯೇ ಬೇರೆ. 1385ರಲ್ಲಿ ವಲಾಕಿಯಾದ ಅರಸ ಮೊದಲನೇ ದಾನ್ ತಿಸ್ಮಾನಾ ಮಠಕ್ಕೆ ಖಾಯಂ ಮಾಡಿಕೊಟ್ಟ ಆಸ್ತಿಯಲ್ಲಿ 40 ರೋಮಾ ಕುಟುಂಬಗಳೂ ಸೇರಿದ್ದವು.

ಮುಂದಿನ ಸುಮಾರು ಐದು ಶತಮಾನ ವಲಾಕಿಯಾ, ಮೊಲ್ದಾವಿಯಾ ಸಂಸ್ಥಾನಗಳಲ್ಲಿ ರೋಮಾ ಎಂದರೆ ಅರಸನಿಗೋ ಮಠಕ್ಕೋ ಬೊಯಾರ್ ಎಂಬ ಜಮೀನ್ದಾರನಿಗೋ ಸೇರಿದ ಗುಲಾಮ. ಅವರನ್ನು ಮಾರಬಹುದಿತ್ತು, ಮಗಳ ಮದುವೆಗೆ ಬಳುವಳಿಯಾಗಿ ಕೊಡಬಹುದಿತ್ತು. ಗುಲಾಮ ತಾಯಿಯ ಮಗು ಹುಟ್ಟುತ್ತಲೇ ಒಡೆಯನ ಸೊತ್ತು.

ಇವರೇನು ಕಸುಬಿಲ್ಲದ ಜನವಲ್ಲ. ಅವರಲ್ಲಿ ಔರಾರಿ ಪಂಗಡದವರು ನದಿಯ ಮರಳು ಜಾಲಿಸಿ ಚಿನ್ನದ ಕಣ ಹೆಕ್ಕುತ್ತಿದ್ದರು. ಲಿಂಗುರಾರಿಗಳು ಮರದ ಸೌಟು ಕೆತ್ತುತ್ತಿದ್ದರು, ಉರ್ಸಾರಿಗಳು ಕರಡಿ ಕುಣಿಸುತ್ತಿದ್ದರು. ಊರೂರ ಕುಲುಮೆಗಳಲ್ಲಿ ಲಾಳ ಬಡಿಯುತ್ತಿದ್ದವರಲ್ಲೂ ಇವರು ಬಹಳ ಮಂದಿ. ದುಡಿಮೆ ಇತ್ತು, ದುಡಿದದ್ದನ್ನು ಕೂಡಿಟ್ಟು ಮಕ್ಕಳಿಗೆ ದಾಟಿಸುವ ಹಕ್ಕು ಇರಲಿಲ್ಲ.

ಇತಿಹಾಸಕಾರ, ರಾಜಕಾರಣಿ ಮಿಹಾಯಿಲ್ ಕೊಗಲ್ನಿಚಾನು 1837ರಲ್ಲೇ ರೋಮಾಗಳ ಬಗ್ಗೆ ಬರ್ಲಿನ್‌ನಲ್ಲಿ ಪುಸ್ತಕ ಪ್ರಕಟಿಸಿದರು. ಹರೆಯದಲ್ಲಿ ಮೊಲ್ದಾವಿಯಾದ ಯಾಶ್ ನಗರದ ಬೀದಿಗಳಲ್ಲಿ ಕಂಡದ್ದನ್ನು 1891ರ ಭಾಷಣವೊಂದರಲ್ಲಿ ಅವರು ನೆನೆದರು: ಕೈಕಾಲಿಗೆ ಸಂಕೋಲೆ ಹಾಕಿದ ಮನುಷ್ಯರು, ಕೆಲವರ ಹಣೆಯ ಸುತ್ತ ಕಬ್ಬಿಣದ ಬಳೆ.

ಬಿಡುಗಡೆ ಕಂತುಕಂತಾಗಿ ಬಂತು. ವಲಾಕಿಯಾದಲ್ಲಿ ಸರ್ಕಾರದ ಗುಲಾಮರಿಗೆ 1843ರಲ್ಲಿ, ಮಠಗಳವರಿಗೆ 1847ರಲ್ಲಿ, ಬೊಯಾರ್‌ಗಳ ಕೈಯಲ್ಲಿದ್ದವರಿಗೆ 1856ರಲ್ಲಿ. ಆ ಕೊನೆಯ ಕಾನೂನು ತಲೆಗೆ 10 ಚಿನ್ನದ ನಾಣ್ಯಗಳ ಪರಿಹಾರ ಗೊತ್ತುಮಾಡಿತು. ಅದು ಸಂದದ್ದು ಒಡೆಯರಿಗೆ. ಬಿಡುಗಡೆಯಾದವರಿಗೆ ಜಮೀನಿಲ್ಲ, ಎತ್ತಿಲ್ಲ, ಹಿಂದಿನ ದುಡಿಮೆಯ ಕೂಲಿಯಿಲ್ಲ. ಅವರ ಪಾಲಿಗೆ ಬಂದದ್ದು ತೆರಿಗೆ. 1864ರ ಭೂಸುಧಾರಣೆಯಲ್ಲಿ ಅದಾಗಲೇ ಬೇಸಾಯದಲ್ಲಿದ್ದ ಕೆಲವರಿಗೆ ತುಂಡು ನೆಲ ಸಿಕ್ಕಿತು. ಉಳಿದವರು ಊರಂಚಿನಲ್ಲಿ ಬಿಡಾರ ಹೂಡಿದರು, ಹಲವರು ಹಳೆಯ ಒಡೆಯನ ಹೊಲಕ್ಕೇ ಕೂಲಿಗೆ ಮರಳಿದರು.

ಈ ಬಡತನವೇ ಮುಂದೆ ಅವರ ಮೇಲಿನ ಆರೋಪವಾಯಿತು. 1942ರಲ್ಲಿ ರೊಮೇನಿಯಾದ ಸರ್ವಾಧಿಕಾರಿ ಆಂತೊನೆಸ್ಕುವಿನ ಸರ್ಕಾರ ಸುಮಾರು 25,000 ರೋಮಾಗಳನ್ನು ತಾನು ಆಕ್ರಮಿಸಿಕೊಂಡಿದ್ದ ಟ್ರಾನ್ಸ್‌ನಿಸ್ಟ್ರಿಯಾಕ್ಕೆ ಅಟ್ಟಿತು. ಅವರಲ್ಲಿ ಅಲೆಮಾರಿಗಳಿದ್ದಂತೆ, ನೆಲೆನಿಂತಿದ್ದರೂ ಜೀವನಕ್ಕೆ ದಾರಿಯಿಲ್ಲದವರೆಂಬ ಹಣೆಪಟ್ಟಿ ಹೊತ್ತವರೂ ಇದ್ದರು. ಹಸಿವು, ಚಳಿ, ಟೈಫಸ್ ಜ್ವರಕ್ಕೆ ಸುಮಾರು 11,000 ಮಂದಿ ಬಲಿಯಾದರು.

ಫೆಬ್ರವರಿ 20ನ್ನು ರೋಮಾಗಳ ಗುಲಾಮಗಿರಿ ವಿಮೋಚನೆಯ ಸ್ಮರಣೆಯ ದಿನವೆಂದು ರೊಮೇನಿಯಾ ಕಾನೂನಿನಲ್ಲಿ ಗುರುತಿಸಿದ್ದು 2011ರಲ್ಲಿ. ಅಷ್ಟರಲ್ಲಿ ಬೊಯಾರ್‌ಗಳಿಗೆ ಪರಿಹಾರ ಗೊತ್ತುಮಾಡಿದ ಕಾನೂನಿಗೆ 155 ವರ್ಷ ತುಂಬಿತ್ತು.